ಕೊಕ್ಕೆ, ಕೆಳಗೆ ಎರಡು ಚುಕ್ಕೆ

ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದವಳಿಗೆ ನಿನ್ನೆಯ ತನ್ನದೇ ನಗು ಮತ್ತೆ ಕಿವಿಯಲ್ಲಿ ಕೇಳಿಸಿ, ಕೈ ಅಲ್ಲೇ ನಿಂತುಬಿಟ್ಟಿತು. ‘ಬಟ್ಟೆ ಸುಟ್ಟೀತು ತಾಯಿ,’ ಎಂದರು ಮಾವ. ಅವರು ಬನಿಯನ್ನಿನಲ್ಲೇ ಬಾಗಿಲಿಗೆ ಒರಗಿ ನಿಂತಿದ್ದರು. ಗಲ್ಲದ ಮೇಲೆ ಕ್ಷೌರದ ಗಾಯಕ್ಕೆ ಅಂಟಿಸಿಕೊಂಡ ಕಾಗದದ ಚೂರು. ಇಸ್ತ್ರಿಯಾಗಿಯೇ ಇದ್ದ ಅಂಗಿಯನ್ನು ಎದ್ದವರೇ ತೊಟ್ಟು, ಕನ್ನಡಿಯೆದುರು ಅತ್ತಿತ್ತ ತಿರುಗಿ, ಏನೋ ಮನಸ್ಸಿಗೆ ಒಪ್ಪದೆ ಬಿಚ್ಚಿ ತಂದುಕೊಟ್ಟಿದ್ದರು. ಅವಳು ಕೆಲಸ ಮಾಡುವಲ್ಲಿಗೆ ಅವರು ಹೋಗಬೇಕಾದದ್ದು ಮಧ್ಯಾಹ್ನ. ಬೇರೆ ದಿನವಾಗಿದ್ದರೆ, ಏನು ಮಾವ, ಹೆಣ್ಣು ನೋಡೋಕೆ ಹೊರಟ ಹಾಗಿದೆ ಎಂದು ಅವಳು ರೇಗಿಸುತ್ತಿದ್ದಳು, ಅವರೂ ಬಿಡದೆ ಏನಾದರೊಂದು ಹೇಳುತ್ತಿದ್ದರು. ಇವತ್ತು ಬಾಯಿ ಬರಲಿಲ್ಲ. ಊಟದ ಮೇಜಿನಿಂದ ಗಂಡ ತಲೆ ಎತ್ತದೆ, ‘ಅಪ್ಪ ಒಬ್ರೇ ಬಸ್ಸಲ್ಲಿ ಹೋಗೋದು ಬೇಡ ಅಂತ ಹೇಳು,’ ಅಂದ. ಅಪ್ಪ ಕೈಗೆಟುಕುವಷ್ಟು ದೂರದಲ್ಲಿ ನಿಂತಿದ್ದರೂ ಈಚೆಗೆ ಅವನು ಅವರ ವಿಷಯವನ್ನೆಲ್ಲ ಅವಳಿಗೇ ಹೇಳುತ್ತಿದ್ದ. ಹೋದ ವಾರ ಮಾವ ನಲ್ಲಿ ತೆರೆದಿಟ್ಟು ಮರೆತು ನಡುಮನೆಯೆಲ್ಲ ನೀರಾದಾಗಿನಿಂದ ಅವನಿಗೆ ಅವರ ತಲೆಯ ಮೇಲೆ ನಂಬಿಕೆ ಹೋಗಿತ್ತು. ಬಾಲ್ಕನಿಯಲ್ಲಿರುವ ಅವರ ರಿಪೇರಿ ಮೇಜನ್ನೂ ತೆಗೆಸಿಬಿಡೋಣ, ಕೆಲಸವಂತೂ ಇಲ್ಲ, ಸುಮ್ಮನೆ ಸ್ಕ್ರೂ ಬೀಳಿಸಿ ಎಲ್ಲರ ಕಾಲಿಗೆ ಚುಚ್ಚುತ್ತಾರೆ ಎಂದು ಎರಡು ಸಲ ಹೇಳಿಯಾಗಿತ್ತು. ‘ನಾನೇನು ಮಗುನೇನೋ?’ ಎಂದರು ಮಾವ, ಕೋಪದಿಂದಲ್ಲ, ನಿಜವಾಗಿಯೂ ಉತ್ತರ ಬೇಕೆಂಬಂತೆ. ಅವಳು ಅಂಗಿ ಕೊಡವಿ ಅವರ ಕೈಗಿತ್ತಳು. ಅವರ ಮುಖ ನೋಡಲಾಗದೆ ಗುಂಡಿಗಳನ್ನೇ ನೋಡುತ್ತ ಕೊಟ್ಟಳು.

ಅವಳ ಕೆಲಸ ಸತ್ತ ವಾಚುಗಳ ಹೊಟ್ಟೆ ನೋಡುವುದು. ಹಾಗೆಂದು ಹೆಸರಿಟ್ಟವರು ಮಾವನೇ. ಹಿಂದೆ ಎಂದೋ ಚಿನ್ನದ ಬೆಲೆ ಏರಿದ ಕಾಲದಲ್ಲಿ ಜನ ಅಜ್ಜ ಮುತ್ತಜ್ಜಂದಿರ ಗಡಿಯಾರಗಳನ್ನು ಸಾಲಾಗಿ ತಂದು ಮಾರಿದ್ದರು. ವ್ಯಾಪಾರಿ ಮೇಲಿನ ಚಿನ್ನದ ಕವಚವನ್ನು ಕರಗಿಸಿಕೊಂಡು, ಒಳಗಿನ ಮಷೀನನ್ನು ಬಿಸಾಡಲೂ ಮನಸ್ಸಾಗದೆ, ಇಟ್ಟುಕೊಳ್ಳಲೂ ಕಾರಣವಿಲ್ಲದೆ ತಗಡಿನ ಡಬ್ಬಿಗಳಲ್ಲಿ ತುಂಬಿಸಿಟ್ಟಿದ್ದ. ಆ ಡಬ್ಬಿಗಳು ಸಂಗ್ರಹಾಲಯದ ಹಿಂಬದಿಯ ಕೋಣೆಗೆ ಬಂದವು, ಅವುಗಳ ಹಿಂದೆಯೇ ಅವಳೂ ಬಂದಳು. ಬೆರಳ ತುದಿಗೆ ರಬ್ಬರಿನ ಕುಲಾವಿ ಹಾಕಿಕೊಂಡು, ಒಂದೊಂದನ್ನೇ ಚಿಮಟದಲ್ಲಿ ಎತ್ತಿ, ಅಳೆದು, ಒಳಗೆ ಕೂರಿಸಿದ ಪುಟ್ಟ ಕಲ್ಲುಗಳನ್ನು ಎಣಿಸಿ, ಯಾರು ಮಾಡಿದ್ದು, ಎಲ್ಲಿ ಸವೆದಿದೆ, ಯಾರು ಯಾವಾಗ ಕೈಹಾಕಿದ್ದಾರೆ ಎಂದು ಬರೆದು, ತೆಳು ಕಾಗದದಲ್ಲಿ ಸುತ್ತಿ ತಟ್ಟೆಯ ಮನೆಗಳಲ್ಲಿ ಮಲಗಿಸುವುದು. ರಿಪೇರಿ ಕೂಡದು. ಎಣ್ಣೆ ಕೂಡದು. ಕೀ ಕೊಡುವುದಂತೂ ಕನಸಿನಲ್ಲೂ ಕೂಡದು. ‘ಇದ್ದದ್ದನ್ನ ಇದ್ದ ಹಾಗೆ ಉಳಿಸಿ, ಕಂಡದ್ದನ್ನ ಕಂಡ ಹಾಗೆ ಬರೀರಿ, ನಿಮ್ಮ ಜಾಣತನ ಮನೇಲಿಟ್ಟು ಬನ್ನಿ,’ ಎನ್ನುತ್ತಿದ್ದರು ಮುಖ್ಯಸ್ಥೆ ಮೇಡಂ. ಅವರಿಗೆ ಅದೇ ಕೋಣೆಯಲ್ಲಿ ಮಷೀನುಗಳ ಫೋಟೋ ತೆಗೆಯುವವನು ಇಟ್ಟ ಹೆಸರು ಭೂತಗನ್ನಡಿ. ‘ಕೂಡದು ಕೂಡದು ಅಂದ್ರೆ ನೀವು ಮಾಡೋದೇನು, ಹೆಣ ಕಾಯೋದಾ?’ ಎಂದು ಮಾವ ಮೊದಮೊದಲು ನಕ್ಕಿದ್ದರು. ಆಮೇಲೆ ಸಂಜೆಯ ಚಹಾದ ಹೊತ್ತಿಗೆ ‘ಇವತ್ತು ಯಾವುದು ಬಿಚ್ಚಿದೆ?’ ಎಂದು ಅವರೇ ಕೇಳತೊಡಗಿದರು. ರಸ್ತೆ ಅಗಲ ಮಾಡುವಾಗ ಅವರ ವಾಚ್ ರಿಪೇರಿ ಅಂಗಡಿ ಇದ್ದ ಸಾಲೇ ಹೋಗಿತ್ತು. ಅಂಗಡಿಯ ಜೊತೆಗೆ ಅವರನ್ನು ಹುಡುಕಿಕೊಂಡು ಬರುವವರೂ ಹೋಗಿದ್ದರು.

ರಿಪೇರಿಯವರಿಗೆ ಒಂದು ಪದ್ಧತಿಯಿದೆ. ಕೆಲಸ ಮುಗಿದ ಮೇಲೆ, ಗಿರಾಕಿಗೆ ಎಂದೂ ಕಾಣದ ಕಡೆ, ಒಳಗಿನ ಹಿತ್ತಾಳೆಯ ತಗಡಿನ ಮೇಲೆ ಸೂಜಿಮೊನೆಯಿಂದ ತಮ್ಮದೊಂದು ಗುರುತು ಗೀರುತ್ತಾರೆ. ಮುಂದೆ ಅದೇ ವಾಚು ಕೈಗೆ ಬಂದರೆ ತಾನು ಮೊದಲೇ ಬಿಚ್ಚಿದ್ದು ಎಂದು ಗೊತ್ತಾಗಲಿ ಅಂತ. ಒಂದೊಂದು ತಗಡಿನ ಮೇಲೂ ಹತ್ತಾರು ಕೈಗಳು ಗೀರಿದ ತ್ರಿಕೋನ, ಕೊಡೆ, ಹಕ್ಕಿಕಾಲು, ಅರ್ಧ ಅಕ್ಷರ. ಅವು ಯಾರ್ಯಾರವು ಎಂದು ಓದಬಲ್ಲವರಲ್ಲಿ ಉಳಿದಿರುವವರು ಮಾವ ಒಬ್ಬರೇ ಎಂದು ಅವಳು ಒಮ್ಮೆ ಮಾತಿಗೆ ಹೇಳಿದ್ದೇ ತಡ, ಮೇಡಂ ‘ಕರ್ಕೊಂಡು ಬನ್ನಿ’ ಎಂದಿದ್ದರು. ಸರಿಹೋದರೆ ವಾರಕ್ಕೆರಡು ದಿನ ಬಂದು ಕೂರಲಿ, ಕಿಟಕಿಯ ಹತ್ತಿರ ಮೇಜು, ಕುರ್ಚಿ, ದೀಪ ಹಾಕಿಸೋಣ. ಅದನ್ನು ಕೇಳಿದ ದಿನ ಮಾವ ಬಾಲ್ಕನಿಗೆ ಹೋಗಿ ಬಹಳ ಹೊತ್ತು, ವಾಚು ಬಿಚ್ಚುವಾಗ ಹಾಕಿಕೊಳ್ಳುವ ತಮ್ಮ ಕಣ್ಣುಗಾಜು ಒರೆಸುತ್ತ ಕೂತಿದ್ದರು. ಕುರ್ಚಿ ದಕ್ಕಿದರೆ ಮಗನ ಬಾಯಿ ಮುಚ್ಚುತ್ತದೆ, ಬಾಲ್ಕನಿಯ ಮೇಜು ಉಳಿಯುತ್ತದೆ, ಬೆಳಿಗ್ಗೆ ಎದ್ದು ಅಂಗಿ ತೊಡಲು ಒಂದು ಕಾರಣವಿರುತ್ತದೆ. ಅವರು ಇದ್ಯಾವುದನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಸೊಸೆಯಾಗಿ ಇಷ್ಟು ವರ್ಷವಾದ ಮೇಲೆ ಹೇಳಬೇಕಾಗಿಯೂ ಇರಲಿಲ್ಲ.

ಕೆಲಸಕ್ಕೆ ಹೊರಟು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅವಳಿಗೆ ಮತ್ತೆ ನಿನ್ನೆಯದೇ ನೆನಪು. ಎದೆಗೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಗಡಿಯಾರದ ಮಷೀನು ಅದು. ಚಕ್ರದ ಮೊನೆ ತಿರುಗುವ ತೂತು ವರ್ಷಗಳುರುಳಿದಂತೆ ಸವೆದು ಅಗಲವಾಗುತ್ತದೆ. ಬಲ್ಲವರು ಅದನ್ನು ಕೊರೆದು ಹೊಸ ಹಿತ್ತಾಳೆಯ ಬಳೆ ಕೂರಿಸುತ್ತಾರೆ, ಬಾರದವರು ತೂತಿನ ಸುತ್ತ ಮೊಳೆಯಿಟ್ಟು ಸುತ್ತಿಗೆಯಲ್ಲಿ ಕುಕ್ಕಿ, ಲೋಹವನ್ನು ಒಳಕ್ಕೆ ಒತ್ತರಿಸಿ ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಕುಕ್ಕಿದ್ದು ಎಷ್ಟೆಂದರೆ ಕೋಳಿ ಕಾಳು ಹೆಕ್ಕಿದ ಹಾಗಿತ್ತು. ‘ನೋಡಿಲ್ಲಿ, ಕಟುಕನ ಕೆಲಸ!’ ಎಂದಳು ಅವಳು ಗಟ್ಟಿಯಾಗಿ. ಫೋಟೋದವನು ಬಂದು ಬಗ್ಗಿ ನೋಡಿ ನಕ್ಕ. ಅವನು ನಕ್ಕನೆಂದು ಅವಳಿಗೂ ಹುಮ್ಮಸ್ಸು ಬಂತು. ‘ಇವನ ಕೈಗೆ ಸುತ್ತಿಗೆ ಕೊಟ್ಟವರನ್ನ ಜೈಲಿಗೆ ಹಾಕ್ಬೇಕು,’ ಎಂದು, ಬರೆಯುವ ಚೀಟಿಯಲ್ಲಿ ‘ಹಳೆಯ ರಿಪೇರಿ: ತೀರಾ ಕಳಪೆ’ ಎಂದು ಗೀಚಿ, ಆ ನಗು ಇನ್ನೂ ಮುಖದ ಮೇಲಿರುವಾಗಲೇ ತಗಡನ್ನು ದೀಪದ ಕೆಳಗೆ ಓರೆ ಮಾಡಿದಳು. ಅಂಚಿನಲ್ಲಿ ಒಂದು ಕೊಕ್ಕೆ, ಅದರ ಕೆಳಗೆ ಎರಡು ಚುಕ್ಕೆ. ಆ ಕೊಕ್ಕೆ ಅವಳ ಅಡುಗೆಮನೆಯ ಗೋಡೆ ಗಡಿಯಾರದ ಬೆನ್ನ ಮೇಲಿದೆ, ಕತ್ತರಿಯ ಹಿಡಿಯ ಮೇಲಿದೆ, ದಿನಾ ಬೆಳಿಗ್ಗೆ ಅವಳ ಅಂಗೈಗೆ ತಾಗುವ ಇಸ್ತ್ರಿಪೆಟ್ಟಿಗೆಯ ಹಿಡಿಯ ಅಂಚಿನಲ್ಲಿದೆ. ಮಾವ ಬಿಚ್ಚಿ ಜೋಡಿಸಿದ ಯಾವ ವಸ್ತುವೂ ಕೊಕ್ಕೆಯಿಲ್ಲದೆ ಅವರ ಕೈಬಿಟ್ಟು ಹೋದದ್ದಿಲ್ಲ. ಕಟುಕ ಎಂಬ ಮಾತೂ ಅವರದೇ. ಬೇರೆಯವರ ಕೆಟ್ಟ ಕೆಲಸ ಕಂಡಾಗ ಊಟಕ್ಕೆ ಕೂತಲ್ಲೇ ಅವರು ಆಡುತ್ತಿದ್ದ ಬೈಗುಳವನ್ನು ಎರವಲು ತಂದು ಅವರ ಮೇಲೆಯೇ ಎಸೆದಿದ್ದಳು.

ಆದರೆ ರಾತ್ರಿಯೆಲ್ಲ ಅವಳನ್ನು ಚುಚ್ಚಿದ್ದು ಅದೂ ಅಲ್ಲ. ಗುರುತು ಕಂಡ ಮೊದಲ ಗಳಿಗೆಯಲ್ಲಿ ಅವಳಿಗಾದದ್ದು ನೋವಲ್ಲ, ಒಂದು ಸಣ್ಣ ಖುಷಿ. ಸಿಕ್ಕಿಬಿದ್ದಿರಿ ಮಾವ, ಎಂಬಂಥದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಆಸೆಪಟ್ಟು ಅವರ ಮೇಜಿನ ಮುಂದೆ ಕೂತಾಗ, ‘ಚಿಮಟ ಅಂದ್ರೆ ಸೌಟಲ್ಲಮ್ಮ,’ ಎಂದು ನಕ್ಕು, ಅವಳ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡಿದ್ದರು. ಅವರು ಮರೆತಿರಬಹುದು. ತಾನೂ ಮರೆತಿದ್ದೇನೆಂದೇ ಅವಳು ತಿಳಿದಿದ್ದಳು. ತನಗೆ ಜ್ವರ ಬಂದಾಗ ಗಂಜಿ ಕಾಯಿಸಿ ತಂದ, ಮಗಳೇ ಎಂಬಂತೆ ನೋಡಿಕೊಂಡ ಮನುಷ್ಯನ ತಪ್ಪು ಕಂಡು ಖುಷಿಪಡಲು ಒಳಗೆ ಯಾರೋ ಇಷ್ಟು ವರ್ಷ ಹೊಂಚುಹಾಕಿ ಕೂತಿದ್ದರಲ್ಲ, ಅದಕ್ಕೆ ಅವಳಿಗೆ ನಾಚಿಕೆಯಾಗಿತ್ತು. ಇವತ್ತು ಅವರೆದುರು ಇಡಬೇಕಾದ ತಟ್ಟೆಯನ್ನು ಮೇಡಂ ಆಗಲೇ ಆರಿಸಿಟ್ಟಿದ್ದರು, ಆ ಮಷೀನು ಅದರ ನಟ್ಟನಡುವೆ ಇತ್ತು. ಭೂತಗನ್ನಡಿಯ ಎದುರಿಗೆ, ನಕ್ಕವನ ಎದುರಿಗೆ, ಮಾವ ತಮ್ಮ ಕೊಕ್ಕೆಯನ್ನೂ ಅದರ ಪಕ್ಕದ ಕುಕ್ಕುಗಳನ್ನೂ ನೋಡಬೇಕು. ನೋಡಿದ ಮೇಲೆ ಕುರ್ಚಿಯೆಲ್ಲಿಯದು?

ಕೋಣೆಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಮಾಡಬಾರದೆಂದು ಕೊನೆಯವರೆಗೂ ಹೇಳಿಕೊಳ್ಳುತ್ತಲೇ ಅವಳು ದೀಪ ಹಾಕಿದಳು, ಹೇಳಿಕೊಳ್ಳುತ್ತಲೇ ಮೆದು ಮರದ ಕಡ್ಡಿಯ ತುದಿಗೆ ಪಾಲಿಶ್ ಹಚ್ಚಿದಳು. ಕುಕ್ಕಿದ್ದು ಹಾಗೇ ಇರಲಿ, ಅದನ್ನು ಕುಕ್ಕಿದವನು ಊರುಹೆಸರಿಲ್ಲದವನಾಗಲಿ, ಅಷ್ಟೇ. ಯಾರಿಗೆ ನಷ್ಟ? ಕೊಕ್ಕೆ ಬೇಗ ಹೋಯಿತು, ಅಷ್ಟು ತೆಳುವಾಗಿ ಗೀರಿದ್ದರು. ಚುಕ್ಕೆಗಳು ಆಳವಾಗಿದ್ದವು, ಒಂದು ಹೋದರೂ ಇನ್ನೊಂದು ಹಟ ಹಿಡಿಯಿತು, ಒತ್ತಿ ಉಜ್ಜಬೇಕಾಯಿತು, ಉಜ್ಜುವಾಗ ಹಲ್ಲು ಕಚ್ಚಿಕೊಂಡಿದ್ದು ದವಡೆ ನೋಯತೊಡಗಿದ ಮೇಲೆ ಗೊತ್ತಾಯಿತು. ಎಲ್ಲ ಮುಗಿದು ಹತ್ತಿಯಲ್ಲಿ ಒರೆಸಿದಾಗ ಹಿತ್ತಾಳೆ ಅಲ್ಲಿ ಕೊಂಚ ಹೆಚ್ಚೇ ಹೊಳೆಯುತ್ತಿತ್ತು. ಯಾರೂ ಇಷ್ಟು ಹತ್ತಿರದಿಂದ ನೋಡುವುದಿಲ್ಲ ಎಂದುಕೊಂಡಳು. ಹತ್ತಿರದಿಂದ ನೋಡುವುದೇ ಹೊಟ್ಟೆಪಾಡಾಗಿರುವವರ ನಡುವೆ ಕೂತು ಹಾಗೆ ಅಂದುಕೊಂಡಳಲ್ಲ, ಅದು ಅವಳಿಗೆ ಆಗ ಹೊಳೆಯಲಿಲ್ಲ. ಫೋಟೋದವನು ಬಂದು, ‘ಎಲ್ಲಿ ನಿಮ್ಮ ಕಟುಕ?’ ಎಂದು ಅದರ ಫೋಟೋ ತೆಗೆದುಕೊಂಡ. ಅವಳಿಗೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಕೈ ತೊಳೆದಳು, ಮತ್ತೆ ತೊಳೆದಳು. ಪಾಲಿಶಿನ ವಾಸನೆ ಉಗುರಿನ ಸಂದಿಯಲ್ಲಿ ಉಳಿದೇ ಇತ್ತು.

ಮಾವ ಬಂದದ್ದು ಒಬ್ಬರೇ, ಬಸ್ಸಿನಲ್ಲೇ. ಗಲ್ಲದ ಕಾಗದದ ಚೂರು ಇನ್ನೂ ಅಲ್ಲೇ ಅಂಟಿತ್ತು. ಅದನ್ನು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಮೇಡಂ ಎದ್ದು ಬಂದು ಮಾತಾಡಿಸಿದ್ದರಿಂದ ಅವಳಿಗೆ ಹೇಳಲಾಗಲಿಲ್ಲ. ಗಲ್ಲಕ್ಕೆ ಕಾಗದ ಅಂಟಿಸಿಕೊಂಡೇ ಅವರು ತಟ್ಟೆಯನ್ನು ನೋಡತೊಡಗಿದರು. ಶುರುವಿನಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರೂ ಕಣ್ಣುಗಾಜು ಏರಿಸಿಕೊಂಡದ್ದೇ ಬೇರೆ ಮನುಷ್ಯರಾದರು. ‘ಈ ಕೊಡೆ ಇದೆಯಲ್ಲ, ಇವನು ಸಿನಿಮಾ ಮಂದಿರದ ಪಕ್ಕ ಕೂರ್ತಿದ್ದ. ಒಳ್ಳೆ ಕೈ. ಕುಡಿದಾಗ ಇನ್ನೂ ಒಳ್ಳೆ ಕೈ. ಈ ಹಕ್ಕಿಕಾಲು ಅಣ್ಣ ತಮ್ಮ ಇಬ್ಬರದು. ಜಗಳ ಆಡ್ಕೊಂಡು ಅಂಗಡಿ ಬೇರೆ ಮಾಡ್ಕೊಂಡ್ರು, ಗುರುತು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ಯಾವುದು ಯಾರದು ಅಂತ ಕೇಳ್ಬೇಡಿ, ಅವರಿಗೇ ಗೊತ್ತಿರಲಿಲ್ಲ.’ ಮೇಡಂ ನಕ್ಕರು. ಮೇಡಂ ನಗುವುದನ್ನು ಅವಳು ಈ ಕೋಣೆಯಲ್ಲಿ ಕಂಡದ್ದು ಕಡಿಮೆ. ಕಿಟಕಿಯ ಹತ್ತಿರ ಖಾಲಿ ಮೇಜು, ಕುರ್ಚಿ ಆಗಲೇ ಬಂದು ಕೂತಿದ್ದವು. ಮಾವ ಆ ಕಡೆ ಒಮ್ಮೆ ನೋಡಿದ್ದನ್ನು, ನೋಡಲಿಲ್ಲವೆಂಬಂತೆ ಮುಖ ತಿರುಗಿಸಿದ್ದನ್ನು ಅವಳು ಗಮನಿಸಿದಳು. ಎಲ್ಲ ಸರಿಹೋಗುತ್ತದೆ, ಇನ್ನೊಂದು ಗಳಿಗೆ, ಎಂದು ಅವಳಿಗೂ ಅನ್ನಿಸತೊಡಗಿತ್ತು. ಆಗ ಅವರ ಚಿಮಟ ಆ ಪುಟ್ಟ ಮಷೀನನ್ನು ಎತ್ತಿತು.

ಅವರು ಅದನ್ನು ತಿರುಗಿಸಿ ನೋಡುವ ಮೊದಲೇ ಫೋಟೋದವನು, ಪಾಪ, ತಮಾಷೆಗೆಂದೇ, ‘ಅದು ನೋಡಿ ಸಾರ್, ನಿಮ್ಮ ಸೊಸೆ ಕಟುಕನ ಕೆಲಸ ಅಂದಿದ್ದು ಅದನ್ನೇ,’ ಎಂದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾವ ನೋಡಿದರು. ನೋಡುತ್ತ ನೋಡುತ್ತ ಅವರ ಬಾಯಿ ಅಗಲವಾಯಿತು. ‘ಅಯ್ಯೋ!’ ಎಂದರು. ‘ಹೌದು ಕಣಪ್ಪ, ಕಟುಕನೇ. ಆ ಕಟುಕ ನಾನೇ!’ ಕುರ್ಚಿಯ ಅಂಚಿಗೆ ಸರಿದು ಕೂತರು. ಮೀಸೆ ಸರಿಯಾಗಿ ಮೂಡದ ವಯಸ್ಸಂತೆ. ಕೆಲಸ ಕಲಿಸುತ್ತಿದ್ದ ಗುರುಗಳು ಯಾರದೋ ಸಾವಿಗೆಂದು ಹೋಗಿದ್ದರು, ಅಂಗಡಿಯಲ್ಲಿ ಇವರೊಬ್ಬರೇ. ಹೆರಿಗೆ ಮಾಡಿಸುವ ನರ್ಸಮ್ಮ ಬಂದಳು, ಯಾವುದೋ ದೊಡ್ಡ ಮನೆಯವರು ಮೆಚ್ಚಿ ಕೊಟ್ಟ ಚಿನ್ನದ ಗಡಿಯಾರ, ಸಂಜೆ ಪಾಳಿಗೆ ಹೋಗಬೇಕು, ನಾಡಿ ನೋಡಲು ಬೇರೆ ಗಡಿಯಾರವಿಲ್ಲ. ‘ಬಳೆ ಕೂರಿಸೋದು ನಂಗಿನ್ನೂ ಬರ್ತಿರಲಿಲ್ಲ. ಬರಲ್ಲ ಅಂತ ಹೇಳೋಕೆ ಅವಮಾನ. ಆಯಮ್ಮ ಬೇರೆ ನೋಡೋಕೆ ಲಕ್ಷಣವಾಗಿದ್ಲು. ಕುಕ್ಕಿದೆ. ನಡೀತು ನೋಡಿ, ಸಂಜೆ ಪಾಳಿಗೆ ನಡೀತು! ಗುರುಗಳು ವಾಪಸ್ ಬಂದು, ಕೇಳಿ, ಆಯಮ್ಮನಿಂದ ತರಿಸಿ ಬಿಚ್ಚಿ ನೋಡಿದ್ರು. ಹೊಡೀತಾರೆ ಅಂದ್ಕೊಂಡೆ. ಸೂಜಿ ಕೈಗೆ ಕೊಟ್ರು. ಗುರುತು ಹಾಕು ಅಂದ್ರು. ಇನ್ನೂ ಗುರುತು ಇಟ್ಕೊಂಡಿಲ್ಲ ಅಂದೆ. ಇದಕ್ಕೇ ಶುರು ಮಾಡು, ಮುಂದೆ ಬಿಚ್ಚೋನಿಗೆ ಯಾರನ್ನ ಬೈಬೇಕು ಅಂತ ಗೊತ್ತಾಗ್ಬೇಕಲ್ಲ ಅಂದ್ರು. ಕೈ ನಡುಗಿ ಏನೋ ಒಂದು ಕೊಕ್ಕೆ ಥರ ಬಂತು. ಸಿಟ್ಟಿಗೆ ಎರಡು ಚುಕ್ಕೆ ಕುಟ್ಟಿದೆ. ಅದೇ ಕೊನೇವರೆಗೂ ಉಳೀತು. ನನ್ನ ಮೊದಲನೇ ಗುರುತು ಮೇಡಂ ಇದು, ಈ ಜನ್ಮದಲ್ಲಿ ಇನ್ನೊಂದ್ಸಲ ನೋಡ್ತೀನಿ ಅಂದ್ಕೊಂಡಿರಲಿಲ್ಲ. ತೋರಿಸ್ತೀನಿ ತಾಳಿ.’

ತಗಡನ್ನು ದೀಪಕ್ಕೆ ಓರೆ ಮಾಡಿದರು. ಇನ್ನೊಂದು ಮಗ್ಗುಲಿಗೆ ಓರೆ ಮಾಡಿದರು. ಮೇಡಂ ತಮ್ಮ ಗಾಜು ಹಿಡಿದು ಬಗ್ಗಿದರು. ‘ಎಲ್ಲಿ?’ ‘ಇಲ್ಲೇ... ಅಂಚಿನಲ್ಲೇ...’ ಅವರ ದನಿ ಸಣ್ಣದಾಗುತ್ತ ಬಂತು. ಆ ದನಿ ಅವಳಿಗೆ ಗೊತ್ತಿತ್ತು. ನಲ್ಲಿ ತೆರೆದಿಟ್ಟ ದಿನ ನೀರಿನಲ್ಲಿ ನಿಂತು, ‘ನಾನು ಮುಚ್ಚಿದ್ದೆ ಅನ್ಸುತ್ತಲ್ಲ,’ ಎಂದದ್ದು ಇದೇ ದನಿಯಲ್ಲಿ. ತಲೆಯೊಳಗಿನದನ್ನೆಲ್ಲ ಮೊದಲಿನಿಂದ ಎಣಿಸಿ ನೋಡುತ್ತಿರುವವರಂತೆ ಅವರ ತುಟಿ ಅಲುಗುತ್ತಿತ್ತು. ಆಮೇಲೆ ಅವರು ಗಾಜು ತೆಗೆದು, ತಗಡಿನ ಮೇಲೆ ಬಾಯಿಂದ ಮೆಲ್ಲಗೆ ಹಬೆ ಬಿಟ್ಟರು. ಹಳೆಯ ಹಿತ್ತಾಳೆಯ ಮೇಲೆ ಹಬೆ ಒಂದು ಥರ ಕೂರುತ್ತದೆ, ಹೊಸದಾಗಿ ಉಜ್ಜಿದ ಕಡೆ ಇನ್ನೊಂದು ಥರ. ಅಂಚಿನಲ್ಲಿ ಉಗುರಿನಷ್ಟಗಲದ ಜಾಗ ಬೇರೆಯಾಗಿ ಮಿನುಗಿ ಮಾಯವಾಯಿತು. ಮೇಡಂ ಆ ಹೊತ್ತಿಗೆ ನೆಟ್ಟಗಾಗಿದ್ದರು, ಅವರಿಗೆ ಕಾಣಲಿಲ್ಲ. ಮಾವನಿಗೆ ಕಂಡಿತು. ಅವರು ತಲೆ ಎತ್ತಿ ಅವಳನ್ನು ನೋಡಿದರು, ಅವಳ ಮುಖವನ್ನು, ಆಮೇಲೆ ಮಡಿಲಲ್ಲಿ ಅವಿತಿದ್ದ ಅವಳ ಕೈಗಳನ್ನು. ನೋಡಿ, ತುಂಬ ಹುಷಾರಾಗಿ, ಮಷೀನನ್ನು ತಟ್ಟೆಯಲ್ಲಿ ಅದರ ಮನೆಗೇ ಇಳಿಸಿದರು. ‘ಇಲ್ಲ ಮೇಡಂ,’ ಎಂದರು. ‘ಇದು ನಂದಲ್ಲ. ಬೇರೆ ಯಾವುದೋ ಇರ್ಬೇಕು. ವಯಸ್ಸಾಯ್ತಲ್ಲ, ಒಂದಕ್ಕೊಂದು ಕಲಸಿಹೋಗುತ್ತೆ. ಮನೇಲೂ ಹೀಗೇ. ಬೇಕಾದ್ರೆ ಇವಳನ್ನೇ ಕೇಳಿ.’

ಎಂದು ನಕ್ಕರು. ಫೋಟೋದವನು ನೆಲ ನೋಡತೊಡಗಿದ. ಮೇಡಂ ಮುಖದಲ್ಲಿ ಅವಳು ಎಂದೂ ಕಾಣದ ಮೆದುತನ ಬಂತು, ಅದನ್ನು ನೋಡುವುದು ಬೈಗುಳ ಕೇಳುವುದಕ್ಕಿಂತ ಕಷ್ಟವಾಗಿತ್ತು. ‘ಪರವಾಗಿಲ್ಲ ಬಿಡಿ, ಆಗೋದೇ,’ ಎಂದರು, ಮಕ್ಕಳೊಡನೆ ಮಾತಾಡುವಷ್ಟು ಬಿಡಿಸಿ ಬಿಡಿಸಿ. ‘ಸುಸ್ತಾಗಿರ್ಬೇಕು ನಿಮಗೆ. ಚಹಾ ತಗೊಂಡು ಹೊರಡಿ. ಬರೋ ಹೋಗೋ ತೊಂದರೆ ಎಲ್ಲಾ ಯಾಕೆ, ಬೇಕಾದಾಗ ನಾವೇ ಹೇಳಿ ಕಳಿಸ್ತೀವಿ.’ ಮಾವ ತಲೆಯಾಡಿಸಿದರು. ಕಣ್ಣುಗಾಜನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗಿಡಲು ನೋಡಿದರೆ ಜೇಬಿನ ಬಾಯಿ ಇಸ್ತ್ರಿಗೆ ಅಂಟಿಕೊಂಡು ತೆರೆಯಲೊಲ್ಲದು. ಬೆರಳು ತೂರಿಸಿ ತೂರಿಸಿ ಬಿಡಿಸುತ್ತಿದ್ದರು. ಅವಳಿಗೆ ಸಂಜೆ ಕಂಡಿತು: ಗಂಡ ವಿಷಯ ಕೇಳಿ, ನಾನು ಹೇಳಿರಲಿಲ್ಲವಾ ಎಂದು ಅವಳ ಕಡೆಗೆ ನೋಡುವುದು, ಅಪ್ಪ ಪಕ್ಕದಲ್ಲೇ ಕೂತು ಅದಕ್ಕೂ ತಲೆಯಾಡಿಸುವುದು, ಭಾನುವಾರ ಯಾರೋ ಇಬ್ಬರು ಬಂದು ಬಾಲ್ಕನಿಯಿಂದ ಮೇಜು ಹೊರುವುದು. ಸುಮ್ಮನಿದ್ದರೆ ಸಾಕು, ಅವಳ ಕೆಲಸಕ್ಕೆ ಏನೂ ಆಗುವುದಿಲ್ಲ. ಅವರೇ ದಾರಿ ಮಾಡಿಕೊಟ್ಟಿದ್ದಾರೆ. ಮಾಡಿಕೊಟ್ಟು, ಜೇಬಿನ ಜೊತೆ ಗುದ್ದಾಡುತ್ತಿದ್ದಾರೆ.

‘ಅದು ಅವರದೇ,’ ಎಂದಳು. ಮಾತು ತನಗೇ ಕೇಳಿಸಲಿಲ್ಲವೆನ್ನಿಸಿ ಮತ್ತೆ ಹೇಳಿದಳು, ಈ ಸಲ ಬೇಕಿದ್ದಕ್ಕಿಂತ ಜೋರಾಗಿ. ‘ಅದು ಅವರದೇ ಮೇಡಂ. ಗುರುತು ಇತ್ತು. ಬೆಳಿಗ್ಗೆ ನಾನೇ ಉಜ್ಜಿ ತೆಗೆದೆ.’

‘ಸುಮ್ನಿರಮ್ಮಾ!’ ಎಂದರು ಮಾವ. ಅವರು ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಮೇಡಂ ಅವರಿಗೆ ಕೈ ಅಡ್ಡ ಹಿಡಿದು, ‘ಯಾಕೆ?’ ಎಂದು ಅವಳನ್ನು ಕೇಳಿದರು. ಅವಳು ಹೇಳಿದಳು. ಅಷ್ಟು ಹೊತ್ತು ಯೋಚಿಸಿ ಮಾಡಿದ್ದು ಬಾಯಲ್ಲಿ ಹೇಳುವಾಗ ತೀರಾ ಪೆದ್ದಾಗಿ ಕೇಳಿಸಿತು. ಮೇಡಂ ಮಷೀನನ್ನು ಎತ್ತಿ, ಹಬೆ ಬಿಟ್ಟು, ಬಹಳ ಹೊತ್ತು ನೋಡಿ, ಇಟ್ಟರು. ಆಮೇಲೆ ಕೈ ಚಾಚಿದರು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೆರಳುಗಳಿಂದ ರಬ್ಬರಿನ ಕುಲಾವಿಗಳನ್ನು ಒಂದೊಂದಾಗಿ ಕಳಚಿ ಅವರ ಅಂಗೈಯಲ್ಲಿ ಹಾಕಿದಳು, ತರಗತಿಯಲ್ಲಿ ಬಳಪ ಕಿತ್ತುಕೊಂಡಾಗಿನಂತೆ ಕಿವಿ ಬಿಸಿಯಾಯಿತು. ‘ನಾನು ಮೇಲಿನವರ ಹತ್ರ ಮಾತಾಡೋವರೆಗೂ ತಟ್ಟೆ ಮುಟ್ಟಬೇಡಿ. ಬರೆಯೋದಿದ್ದರೆ ಬರೀರಿ,’ ಎಂದು ಮೇಡಂ ಮಾವನ ಕಡೆಗೆ ತಿರುಗಿದರು. ‘ನಿಮಗೆ ಕಂಡಿತ್ತು. ಕಂಡೂ ಸುಳ್ಳು ಹೇಳಿದ್ರಿ. ಸುಳ್ಳು ಹೇಳೋರನ್ನ ನಾನು ಇಲ್ಲಿ ಹೇಗೆ ಕೂರಿಸ್ಲಿ?’

‘ಸೊಸೆ ವಿಷಯಕ್ಕೆ ಒಂದ್ಸಲ ಹೇಳಿದೆ ಮೇಡಂ,’ ಎಂದರು ಮಾವ. ‘ವಾಚಿನ ವಿಷಯಕ್ಕೆ ಯಾವತ್ತೂ ಹೇಳಿಲ್ಲ.’

ಮೇಡಂ ನಗಲಿಲ್ಲ. ನೋಡೋಣ ಎಂದರು. ಗುರುತು ಬೇಕಿದ್ದರೆ ಮತ್ತೆ ಹಾಕಿಕೊಡಲೇ ಎಂದು ಮಾವ ಕೇಳಿದ್ದಕ್ಕೆ, ‘ಬೇಡ, ಅದು ಇವತ್ತಿನ ಗೀರಾಗುತ್ತೆ, ಅವತ್ತಿನದಾಗೋದಿಲ್ಲ,’ ಎಂದು, ತಟ್ಟೆಯನ್ನು ತಾವೇ ಎತ್ತಿಕೊಂಡು ಬೀರುವಿನತ್ತ ಹೋದರು. ಫೋಟೋದವನು ಚಹಾ ತರುವ ನೆವದಲ್ಲಿ ಹೊರಗೆ ನುಸುಳಿದ. ಅವಳು ಬರೆಯುವ ಮೇಜಿಗೆ ಬಂದು ಕೂತಳು. ಬರಿಗೈ ಯಾಕೋ ಬತ್ತಲೆಯೆನಿಸುತ್ತಿತ್ತು. ಹಳೆಯ ಚೀಟಿ ಹರಿದು ಹೊಸದನ್ನು ಮುಂದಿಟ್ಟುಕೊಂಡರೆ ಪೆನ್ನು ಏಳಲಿಲ್ಲ; ಕಣ್ಣು ತುಂಬಿ ಗೆರೆಗಳು ಒಂದರ ಮೇಲೊಂದು ಹರಿದಾಡಿದವು. ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಮಾವ ಕಿಟಕಿಯ ಹತ್ತಿರದ ಆ ಕುರ್ಚಿಯನ್ನು ಯಾರನ್ನೂ ಕೇಳದೆ ದರದರ ಎಳೆದು ತಂದು ಅವಳ ಪಕ್ಕದಲ್ಲಿ ಹಾಕಿಕೊಂಡು ಕೂತರು. ಅವರ ಅಂಗಿಯಿಂದ ಇನ್ನೂ ಇಸ್ತ್ರಿಯ ವಾಸನೆ ಬರುತ್ತಿತ್ತು.

‘ಮೊದಲು ನಂದು ಬರಿ,’ ಎಂದರು. ‘ಕುಕ್ಕಿದ್ದು ಬರಿ, ಏನೂ ಬಿಡಬೇಡ. ಅದರ ಕೆಳಗೆ ನಿಂದು. ನಾನು ದೊಡ್ಡವನಲ್ವಾ.’

ಅವಳು ಅವರು ಮಾಡಿದ್ದನ್ನು ಬರೆದು ಅವರ ಹೆಸರು ಹಾಕಿದಳು. ಅದರ ಕೆಳಗೆ ತಾನು ಮಾಡಿದ್ದನ್ನು ಬರೆಯುವಾಗ ಮಾವ ಅವಳ ಭುಜದ ಮೇಲಿಂದ ಬಗ್ಗಿ, ಅಕ್ಷರ ಕೆಡದಂತೆ ನೋಡಿಕೊಳ್ಳುವವರ ಹಾಗೆ, ಕೊನೆಯವರೆಗೂ ನೋಡುತ್ತ ಕೂತರು.